ಸ್ವಂತ ವಿಶ್ವವಿದ್ಯಾನಿಲಯದ ಮೂಲಕವೇ ವಿದೇಶ ಶಿಕ್ಷಣ: ಲಾಭವೇನು, ಎಚ್ಚರವೇನು?

ಪಿಯುಸಿ ಅಥವಾ ಡಿಗ್ರಿ ಫಲಿತಾಂಶ ಬಂದ ಕೂಡಲೇ ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: "ಮಕ್ಕಳನ್ನು ಓದಲು ಹೊರದೇಶಕ್ಕೆ ಕಳುಹಿಸೋಣವೇ?" ಹಿಂದೆ ನಮ್ಮವರು ದುಡಿಯಲು ಬೊಂಬಾಯಿಗೆ ಹೋದರು, ಬಳಿಕ ಗಲ್ಫ್‌ಗೆ ಹೋದರು. ಈಗಿನ ಮಕ್ಕಳು ಜರ್ಮನಿ, ಐರ್ಲೆಂಡ್, ಕೆನಡಾದ ಹೆಸರು ಹೇಳುತ್ತಾರೆ. ಹೆತ್ತವರು ಏಜೆಂಟರ ಕಚೇರಿಗೆ ಅಲೆಯುತ್ತಾರೆ, ಮನೆ-ಜಾಗದ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಸಾಲ ಮಾಡುತ್ತಾರೆ. ಆದರೆ ಮಗ ಅಥವಾ ಮಗಳು ಈಗ ಕಲಿಯುತ್ತಿರುವ ವಿಶ್ವವಿದ್ಯಾನಿಲಯದಲ್ಲೇ ಇದಕ್ಕೊಂದು ದಾರಿ ಇದೆಯೇ ಎಂದು ವಿಚಾರಿಸುವವರು ಕಡಿಮೆ. ಆ ದಾರಿಯ ಬಗ್ಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ವಿನಿಮಯ ಎಂದರೇನು?

ಎರಡು ವಿಶ್ವವಿದ್ಯಾನಿಲಯಗಳು ಪರಸ್ಪರ ಒಪ್ಪಂದ ಮಾಡಿಕೊಳ್ಳುತ್ತವೆ. ಇಲ್ಲಿನ ವಿದ್ಯಾರ್ಥಿ ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಅಲ್ಲಿ ಕಲಿಯುತ್ತಾನೆ, ಅಲ್ಲಿನವರು ಇಲ್ಲಿಗೆ ಬರುತ್ತಾರೆ. ವಿದ್ಯಾರ್ಥಿಯ ಹೆಸರು ತನ್ನ ಮೂಲ ಸಂಸ್ಥೆಯ ದಾಖಲೆಯಲ್ಲೇ ಇರುತ್ತದೆ. ಅಲ್ಲಿ ಪಡೆದ ಅಂಕಗಳು ಇಲ್ಲಿನ ಪದವಿಗೆ ಸೇರುತ್ತವೆ.

ಇದರ ಅತಿ ದೊಡ್ಡ ಉದಾಹರಣೆ ಯುರೋಪಿನ ಎರಾಸ್ಮಸ್ ಯೋಜನೆ. 1987ರಲ್ಲಿ 11 ದೇಶಗಳ 3,244 ವಿದ್ಯಾರ್ಥಿಗಳೊಂದಿಗೆ ಇದು ಆರಂಭವಾಯಿತು. ಇಂದಿನವರೆಗೆ ಒಂದು ಕೋಟಿಗೂ ಮಿಕ್ಕಿ ಜನರು ಇದರ ಪ್ರಯೋಜನ ಪಡೆದಿದ್ದಾರೆ. ರೋಟರ್‌ಡ್ಯಾಮ್‌ನ ವಿದ್ವಾಂಸ, ಧರ್ಮಗುರು ಎರಾಸ್ಮಸ್ ಅವರ ನೆನಪು ಈ ಹೆಸರಿನಲ್ಲಿದೆ. ಐನೂರು ವರ್ಷಗಳ ಹಿಂದೆ ಪ್ಯಾರಿಸ್, ಕೇಂಬ್ರಿಡ್ಜ್, ಟ್ಯೂರಿನ್, ಬಾಸೆಲ್ ಎಂದು ಊರೂರು ತಿರುಗಿ ಕಲಿತವರು, ಕಲಿಸಿದವರು ಅವರು.

ಲಾಭಗಳು

ಮೊದಲನೆಯದು ಹಣ. ಎರಾಸ್ಮಸ್ ವಿನಿಮಯದಲ್ಲಿ ಹೋದ ವಿದ್ಯಾರ್ಥಿಯಿಂದ ಅತಿಥೇಯ ವಿಶ್ವವಿದ್ಯಾನಿಲಯ ಬೋಧನಾ ಶುಲ್ಕ ಪಡೆಯುವಂತಿಲ್ಲ. ಮೂಲ ಸಂಸ್ಥೆಯ ಶುಲ್ಕ ಮಾತ್ರ ಮುಂದುವರಿಯುತ್ತದೆ. ಇತರ ವಿನಿಮಯ ಒಪ್ಪಂದಗಳಲ್ಲೂ ಸಾಮಾನ್ಯವಾಗಿ ಇದೇ ಕ್ರಮ. ಊಟ, ವಸತಿ, ವಿಮಾನದ ಟಿಕೆಟ್, ವೀಸಾ, ವಿಮೆಯ ಖರ್ಚು ಇದ್ದೇ ಇದೆ. ಆದರೂ ದೊಡ್ಡ ಹೊರೆಯೊಂದು ಇಳಿಯುತ್ತದೆ.

ಎರಡನೆಯದು ಸಮಯ. ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಒಂದು ವರ್ಷದ ಪೂರ್ಣ ವ್ಯಾಸಂಗಕ್ಕೆ 60 ಕ್ರೆಡಿಟ್, ಒಂದು ಸೆಮಿಸ್ಟರಿಗೆ 30. ಹೊರಡುವ ಮೊದಲೇ ಯಾವ ವಿಷಯಗಳನ್ನು ಕಲಿಯಬೇಕು, ಅವು ಇಲ್ಲಿನ ಯಾವ ವಿಷಯಗಳಿಗೆ ಸಮ ಎಂದು ಕಲಿಕಾ ಒಪ್ಪಂದ ಬರೆಯಲಾಗುತ್ತದೆ. ವಿದ್ಯಾರ್ಥಿ ಮತ್ತು ಎರಡೂ ಸಂಸ್ಥೆಗಳು ಸೇರಿ ಮೂವರ ಸಹಿ ಅದರಲ್ಲಿರುತ್ತದೆ. ಹೀಗೆ ಸಹಿಯಾದ ಪತ್ರ ಕೈಯಲ್ಲಿದ್ದರೆ ವರ್ಷ ವ್ಯರ್ಥವಾಗುವ ಭಯವಿಲ್ಲ.

ಮೂರನೆಯದು ಭದ್ರತೆ. ಏಜೆಂಟರ ಮೂಲಕ ಹೋದವನಿಗೆ ತೊಂದರೆಯಾದರೆ ಕೇಳುವವರು ಯಾರು? 2023ರಲ್ಲಿ ಕೆನಡಾದಲ್ಲಿ ಅನೇಕ ಭಾರತೀಯ ವಿದ್ಯಾರ್ಥಿಗಳಿಗೆ ಗಡೀಪಾರಿನ ಭೀತಿ ಎದುರಾಯಿತು. ಅವರ ಪ್ರವೇಶ ಪತ್ರಗಳು ನಕಲಿ ಎಂದು ತಿಳಿದುಬಂದದ್ದು ಅವರು ಅಲ್ಲಿ ವರ್ಷಗಟ್ಟಲೆ ಇದ್ದ ಬಳಿಕ. ತಾವೇ ಮೋಸಹೋದವರು ಎಂದು ಸಾಬೀತು ಮಾಡುವ ಪಾಡು ಅವರದಾಯಿತು. ಸ್ವಂತ ವಿಶ್ವವಿದ್ಯಾನಿಲಯದ ಮೂಲಕ ಹೋದರೆ ಪ್ರವೇಶ ಪತ್ರ ಸಂಸ್ಥೆಯಿಂದ ಸಂಸ್ಥೆಗೆ ಬರುತ್ತದೆ. ಏನಾದರೂ ಎಡವಟ್ಟಾದರೆ ಹೆತ್ತವರು ನೇರವಾಗಿ ಹೋಗಿ ಕೇಳಬಹುದಾದ ಕಚೇರಿ ಇಲ್ಲೇ ಇದೆ.

ನಾಲ್ಕನೆಯದು ಅನುಭವ. ಹೊಸ ಭಾಷೆ, ಚಳಿ, ಒಂಟಿತನ, ತಾನೇ ಅಡುಗೆ, ತಾನೇ ಲೆಕ್ಕಾಚಾರ: ಇವೆಲ್ಲ ಆರು ತಿಂಗಳಲ್ಲಿ ತಿಳಿಯುತ್ತವೆ. ಮುಂದೆ ಎರಡು ವರ್ಷದ ಸ್ನಾತಕೋತ್ತರ ಪದವಿಗೆ ಸಾಲ ಮಾಡಿ ಹೋಗಬೇಕೇ ಬೇಡವೇ ಎಂದು ಕಂಡುಂಡು ತೀರ್ಮಾನಿಸಬಹುದು. 2014ರಲ್ಲಿ ಪ್ರಕಟವಾದ ಎರಾಸ್ಮಸ್ ಪರಿಣಾಮ ಅಧ್ಯಯನದ ಪ್ರಕಾರ, ಹೊರದೇಶದಲ್ಲಿ ಕಲಿತು ಬಂದವರು ದೀರ್ಘಕಾಲ ನಿರುದ್ಯೋಗಿಗಳಾಗಿರುವ ಸಾಧ್ಯತೆ ಹೋಗದವರಿಗಿಂತ ಅರ್ಧದಷ್ಟು ಕಡಿಮೆ. ಆದರೆ ಹೋಗುವವರು ಮೊದಲೇ ಚುರುಕಿನವರಾಗಿರಬಹುದು. ಆದ್ದರಿಂದ ಹೋಗಿ ಬಂದ ಮಾತ್ರಕ್ಕೆ ಕೆಲಸ ಸಿಗುತ್ತದೆ ಎಂದು ಭಾವಿಸಬಾರದು.

ನಮ್ಮ ದೇಶದಲ್ಲಿ ಏನಿದೆ?

ಎರಾಸ್ಮಸ್ ಯೋಜನೆಯ ಅಲ್ಪಾವಧಿ ವಿನಿಮಯ 2015ರಿಂದ ಯುರೋಪಿನ ಹೊರಗಿನ ದೇಶಗಳಿಗೂ ತೆರೆದಿದೆ. ಭಾರತದ ಸಂಸ್ಥೆಗಳೂ ಇದರಲ್ಲಿ ಭಾಗವಹಿಸಬಹುದು. ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಹೊಸ ನಿಯಮಾವಳಿ ತಂದು ಮೂರು ವಿಧಾನಗಳಿಗೆ ಅವಕಾಶ ನೀಡಿದೆ.

ಟ್ವಿನ್ನಿಂಗ್: ಪದವಿ ನೀಡುವುದು ಭಾರತದ ಸಂಸ್ಥೆ. ವಿದೇಶದಲ್ಲಿ ಗಳಿಸುವ ಕ್ರೆಡಿಟ್ ಒಟ್ಟಿನ ಶೇ. 30ನ್ನು ಮೀರುವಂತಿಲ್ಲ.

ಜಂಟಿ ಪದವಿ: ಎರಡೂ ಸಂಸ್ಥೆಗಳು ಸೇರಿ ಒಂದೇ ಪದವಿ ಪತ್ರ ನೀಡುತ್ತವೆ. ಪ್ರತಿಯೊಂದು ಸಂಸ್ಥೆಯಲ್ಲೂ ಕನಿಷ್ಠ ಶೇ. 30 ಕ್ರೆಡಿಟ್ ಗಳಿಸಬೇಕು.

ದ್ವಿಪದವಿ: ಎರಡೂ ಸಂಸ್ಥೆಗಳು ಪ್ರತ್ಯೇಕವಾಗಿ ಪದವಿ ನೀಡುತ್ತವೆ. ಭಾರತದ ಸಂಸ್ಥೆಯಲ್ಲಿ ಕನಿಷ್ಠ ಶೇ. 30 ಕ್ರೆಡಿಟ್ ಗಳಿಸಬೇಕು.

ಎಲ್ಲ ಕಾಲೇಜುಗಳೂ ಇವನ್ನು ನಡೆಸುವಂತಿಲ್ಲ. ನ್ಯಾಕ್ ಶ್ರೇಯಾಂಕ ಅಥವಾ ರಾಷ್ಟ್ರೀಯ ರ‍್ಯಾಂಕಿಂಗ್‌ಗೆ ಸಂಬಂಧಿಸಿದ ಷರತ್ತುಗಳಿವೆ. ಅಂಚೆ ಶಿಕ್ಷಣ ಹಾಗೂ ಆನ್‌ಲೈನ್ ಶಿಕ್ಷಣಕ್ಕೆ ಈ ನಿಯಮಾವಳಿ ಅನ್ವಯಿಸುವುದಿಲ್ಲ.

ಪದವಿ ಮುಗಿಸಿದವರಿಗೆ ಎರಾಸ್ಮಸ್ ಮುಂಡಸ್ ಎಂಬ ಜಂಟಿ ಸ್ನಾತಕೋತ್ತರ ಯೋಜನೆ ಇದೆ. ಇದಕ್ಕೆ ನಮ್ಮ ವಿಶ್ವವಿದ್ಯಾನಿಲಯದ ಮೂಲಕ ಹೋಗಬೇಕಾಗಿಲ್ಲ, ನೇರವಾಗಿ ಅರ್ಜಿ ಹಾಕಬಹುದು. ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದವರಿಗೆ ಬೋಧನಾ ಶುಲ್ಕವಿಲ್ಲ. 2021ರಿಂದ ಆರಂಭವಾದ ಯೋಜನೆಗಳಲ್ಲಿ ತಿಂಗಳಿಗೆ 1,400 ಯೂರೋ ವಿದ್ಯಾರ್ಥಿವೇತನ. ಸ್ಪರ್ಧೆ ತೀವ್ರವಾಗಿದೆ. ಆದರೂ ಭಾರತದ ಅನೇಕರು ಪ್ರತಿವರ್ಷ ಆಯ್ಕೆಯಾಗುತ್ತಾರೆ.

ಮಿತಿಗಳೂ ಇವೆ

ವಿನಿಮಯದ ಸೀಟುಗಳು ಕಡಿಮೆ, ಉತ್ತಮ ಅಂಕ ಬೇಕು. ಒಪ್ಪಂದವಿರುವ ಊರಿಗೆ ಮಾತ್ರ ಹೋಗಬಹುದು. ಕೈಯಲ್ಲಿ ಸ್ವಲ್ಪ ಹಣವೂ ಬೇಕು. ಉದಾಹರಣೆಗೆ, ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ಜೀವನ ವೆಚ್ಚದ ಆಧಾರ ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು ತಿಂಗಳಿಗೆ 992 ಯೂರೋ ಎಂದು ನಿಗದಿ ಮಾಡಲಾಯಿತು. ವಿದ್ಯಾರ್ಥಿವೇತನ ಇದ್ದವರು ಅದರ ಪತ್ರವನ್ನು ತೋರಿಸಬಹುದು.

ಇನ್ನೊಂದು ಎಚ್ಚರ. "ಅಂತರರಾಷ್ಟ್ರೀಯ ಕಾರ್ಯಕ್ರಮ" ಎಂಬ ಹೆಸರಿನಲ್ಲಿ ಎರಡು ವಾರದ ಪ್ರವಾಸವೂ ಇರಬಹುದು. ಅದು ತಪ್ಪಲ್ಲ, ಆದರೆ ಅದಕ್ಕೆ ಕ್ರೆಡಿಟ್ ಇದೆಯೇ ಎಂದು ತಿಳಿಯದೆ ಹಣ ಕಟ್ಟಬಾರದು.

ಕೇಳಬೇಕಾದ ಪ್ರಶ್ನೆಗಳು

1. ಒಪ್ಪಂದ ಈಗಲೂ ಜಾರಿಯಲ್ಲಿದೆಯೇ? ಕಳೆದ ವರ್ಷ ಎಷ್ಟು ಮಂದಿ ಹೋದರು?
2. ಬೋಧನಾ ಶುಲ್ಕ ಎಲ್ಲಿ ಕಟ್ಟಬೇಕು? ಒಂದೇ ಕಡೆಯೋ, ಎರಡೂ ಕಡೆಯೋ?
3. ಕ್ರೆಡಿಟ್ ವರ್ಗಾವಣೆಯನ್ನು ಬರವಣಿಗೆಯಲ್ಲಿ ಕೊಡುತ್ತೀರಾ?
4. ಅಲ್ಲಿ ಒಂದು ವಿಷಯದಲ್ಲಿ ಅನುತ್ತೀರ್ಣನಾದರೆ ಮುಂದೇನು?
5. ವಸತಿ ಮತ್ತು ವೈದ್ಯಕೀಯ ವಿಮೆಯ ಏರ್ಪಾಡು ಯಾರದ್ದು?
6. ಈಗಾಗಲೇ ಹೋಗಿ ಬಂದ ವಿದ್ಯಾರ್ಥಿಯೊಬ್ಬರನ್ನು ಮಾತನಾಡಿಸಬಹುದೇ?

ಈ ಆರು ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಸಿಗದಿದ್ದರೆ ಅವಸರ ಬೇಡ.

ನಮ್ಮ ವಾಳೆಯ ಗುರಿಕಾರರಿಗೂ ಯುವಜನ ಸಂಘಟನೆಯ ಸಚೇತಕರಿಗೂ ಒಂದು ವಿನಂತಿ. ಹೆತ್ತವರು ಸಾಲಕ್ಕೆ ಸಹಿ ಹಾಕುವ ಮುನ್ನ ಸಲಹೆ ಕೇಳಲು ಹಲವು ಬಾರಿ ನಿಮ್ಮಲ್ಲಿಗೇ ಬರುತ್ತಾರೆ. ಆಗ ಏಜೆಂಟರ ವಿಳಾಸ ಕೊಡುವ ಮೊದಲು, "ಕಾಲೇಜಿನ ವಿದೇಶ ಸಂಬಂಧ ಕಚೇರಿಯಲ್ಲಿ ವಿಚಾರಿಸಿದಿರಾ?" ಎಂದು ಕೇಳಿರಿ. ಪದವಿಯ ಮೊದಲ ವರ್ಷದಲ್ಲೇ ಕೇಳಿದರೆ ಅರ್ಜಿ ಹಾಕಲು, ಅಂಕ ಗಳಿಸಲು, ಭಾಷೆ ಕಲಿಯಲು ಸಮಯವಿರುತ್ತದೆ. ಕೊನೆಯ ವರ್ಷದಲ್ಲಿ ಕೇಳಿದರೆ ಬಾಗಿಲು ಮುಚ್ಚಿರುತ್ತದೆ. ಒಂದು ಮಾತು ಕೇಳುವುದಕ್ಕೆ ಖರ್ಚಿಲ್ಲ. ಕೇಳದೆ ಬಿಟ್ಟರೆ ಮನೆಯ ಪತ್ರವೇ ಅಡವಿಗೆ ಹೋಗಬಹುದು.