ಮೂರು ಗನ್, ಒಂದು ಟೈಮರ್: ಕಷ್ಟದ ಸ್ಟೇಜ್ ಕಟ್ಟೋದು ಹೇಗೆ, ಗೆಲ್ಲೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ಅಮೆರಿಕದಲ್ಲಿ ಜನಪ್ರಿಯವಾಗಿರೋ ಒಂದು ಶೂಟಿಂಗ್ ಕ್ರೀಡೆ, ಮಲ್ಟಿ ಗನ್. ಅಲ್ಲಿನವರ ಬಾಯಲ್ಲಿ ‘ತ್ರೀ ಗನ್’.

ಮೊಬೈಲ್‌ನಲ್ಲಿ ಶೂಟಿಂಗ್ ಗೇಮ್ ಆಡೋರಿಗೆ ಇದು ಗೊತ್ತಿರೋ ಥರಾನೇ ಕಾಣುತ್ತೆ. ಓಡಬೇಕು, ಟಾರ್ಗೆಟ್ ಹೊಡೀಬೇಕು, ನಡುವೆ ಗನ್ ಬದಲಾಯಿಸಬೇಕು. ಆದ್ರೆ ಗೇಮ್‌ನಲ್ಲಿ ಪರದೆ ಮೇಲೆ ಬೆರಳಿಟ್ಟರೆ ರೈಫಲ್ ಮಾಯ, ಪಿಸ್ತೂಲ್ ಹಾಜರ್. ಇಲ್ಲಿ ಕೈಯಲ್ಲಿರೋದು ನಿಜವಾದ ಬಂದೂಕು, ಒಳಗಿರೋದು ನಿಜವಾದ ಗುಂಡು. ಹಿಂದೆ ನಿಂತಿರೋರು ನಿಜವಾದ ಮನುಷ್ಯರು. ಹಾಗಾಗಿ ಇವತ್ತಿನ ಪ್ರಶ್ನೆ ಇದು: ಅಪಾಯ ಹೆಚ್ಚಿಸದೆ ಆಟವನ್ನ ಕಷ್ಟ ಮಾಡೋದು ಹೇಗೆ?

ಮೊದಲು ಆಟ ಏನು ಅಂತ ನೋಡೋಣ

ನಮ್ಮ ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ನಡೆಯುತ್ತೆ. ಅಲ್ಲಿ ಶೂಟರ್ ಒಂದು ಕಡೆ ನಿಲ್ತಾನೆ, ಗುರಿ ಒಂದೇ. ಒಲಿಂಪಿಕ್ಸ್ ರೈಫಲ್ ಸ್ಪರ್ಧೆಯಲ್ಲೂ ಅಷ್ಟೆ, ನಿಂತ ಜಾಗ ಬಿಟ್ಟು ಕದಲೋ ಹಾಗಿಲ್ಲ. ಮಲ್ಟಿ ಗನ್ ಇದಕ್ಕೆ ಪೂರ್ತಿ ಉಲ್ಟಾ.

ಇದರ ಬೇರು ಇರೋದು ‘ಪ್ರಾಕ್ಟಿಕಲ್ ಶೂಟಿಂಗ್’ ಅನ್ನೋ ಕ್ರೀಡೆಯಲ್ಲಿ. 1976ರಲ್ಲಿ ಮಿಸ್ಸೌರಿ ರಾಜ್ಯದ ಕೊಲಂಬಿಯಾದಲ್ಲಿ ಐಪಿಎಸ್‌ಸಿ ಅನ್ನೋ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷ. ಅವರ ಧ್ಯೇಯವಾಕ್ಯದಲ್ಲಿ ಮೂರೇ ಲ್ಯಾಟಿನ್ ಪದ: ನಿಖರತೆ, ಶಕ್ತಿ, ವೇಗ. ಮೂರೂ ಸಮತೂಕದಲ್ಲಿರಬೇಕು ಅನ್ನೋದು ಅರ್ಥ. 1980ರ ದಶಕದಲ್ಲಿ ‘ಸೋಲ್ಜರ್ ಆಫ್ ಫಾರ್ಚೂನ್’ ಪತ್ರಿಕೆ ನಡೆಸ್ತಿದ್ದ ಪಂದ್ಯದಿಂದ ಮೂರು ಗನ್‌ಗಳ ಆಟಕ್ಕೆ ಹೆಸರು ಬಂತು.

ಮೂರು ಗನ್ ಅಂದ್ರೆ ಪಿಸ್ತೂಲ್, ರೈಫಲ್, ಶಾಟ್‌ಗನ್. ಒಂದೊಂದು ಸುತ್ತಿಗೂ ‘ಸ್ಟೇಜ್’ ಅಂತ ಹೆಸರು. ಸಾಮಾನ್ಯವಾಗಿ ಮೂರು ಕಡೆ ಎತ್ತರದ ಮಣ್ಣಿನ ದಿಬ್ಬ ಇರೋ ಅಂಗಳದಲ್ಲಿ ಮರದ ಗೋಡೆ, ಕಿಟಕಿ, ಡ್ರಮ್ ಇಟ್ಟು ಸ್ಟೇಜ್ ಕಟ್ತಾರೆ. ನಡುವೆ ಕಾಗದದ ಟಾರ್ಗೆಟ್, ಹೊಡೆದ್ರೆ ಬೀಳೋ ಉಕ್ಕಿನ ಪ್ಲೇಟ್. ಟೈಮರ್ ‘ಬೀಪ್’ ಅಂದಾಗ ಶುರು, ಕೊನೆಯ ಗುಂಡಿಗೆ ಮುಗೀತು.

ಬೇಗ ಮುಗಿಸಿದೋರೇ ಗೆಲ್ತಾರಾ? ಹಾಗೇನಿಲ್ಲ. ಹೆಚ್ಚಿನ ಪಂದ್ಯಗಳಲ್ಲಿ ತಪ್ಪಿದ ಗುರಿಗೆ ದಂಡವಾಗಿ ಸೆಕೆಂಡುಗಳು ಸೇರುತ್ತೆ. ಲೆಕ್ಕಕ್ಕೆ ಹೇಳೋದಾದ್ರೆ, ಒಬ್ಬರು 62 ಸೆಕೆಂಡಲ್ಲಿ ಏನೂ ತಪ್ಪದೆ ಮುಗಿಸಿದ್ರು. ಇನ್ನೊಬ್ಬರು 55 ಸೆಕೆಂಡಲ್ಲೇ ಮುಗಿಸಿದ್ರು, ಆದ್ರೆ ಎರಡು ಗುರಿ ತಪ್ಪಿತು. ತಲಾ 5 ಸೆಕೆಂಡ್ ದಂಡ ಅಂದ್ರೆ ಅವರದು 65. ನಿಧಾನಕ್ಕೆ ಹೋದೋರೇ ಮೇಲೆ.

ಡಿಸೈನರ್‌ನ ಮೊದಲ ಕೆಲಸ: ಗುಂಡು ಎಲ್ಲಿ ನಿಲ್ಲುತ್ತೆ?

ಸ್ಟೇಜ್ ಡಿಸೈನ್ ಮಾಡೋರು ಟಾರ್ಗೆಟ್ ಇಡೋಕೆ ಮುಂಚೆ ಕೇಳ್ಕೋಬೇಕಾದ ಪ್ರಶ್ನೆ ಒಂದೇ. ಶೂಟರ್ ಎಲ್ಲೇ ನಿಂತು ಹೊಡೆದ್ರೂ, ಗುರಿ ತಪ್ಪಿದ್ರೂ, ಗುಂಡು ಮಣ್ಣಿನ ದಿಬ್ಬಕ್ಕೇ ಹೋಗುತ್ತಾ? ಹೋಗಲ್ಲ ಅಂದ್ರೆ ಆ ಟಾರ್ಗೆಟ್ ಅಲ್ಲಿ ಇರಬಾರದು.

ಎರಡನೇದು ಉಕ್ಕು. ಉಕ್ಕಿಗೆ ಬಡಿದ ಗುಂಡು ಚೂರಾಗಿ ಸಿಡಿಯುತ್ತೆ. ಐಪಿಎಸ್‌ಸಿ ನಿಯಮದಲ್ಲಿ ಪಿಸ್ತೂಲ್‌ನಿಂದ ಉಕ್ಕಿಗೆ ಹೊಡೆಯೋಕೆ ಕನಿಷ್ಠ 7 ಮೀಟರ್ ದೂರ ಬೇಕು. ರೈಫಲ್ ಗುಂಡಿನ ವೇಗ ಹೆಚ್ಚು, ಹಾಗಾಗಿ ಸುಮಾರು 50 ಮೀಟರ್ ಇಡ್ತಾರೆ. ಮೂರೂ ಗನ್ ಬಳಸೋ ಸ್ಟೇಜ್‌ನಲ್ಲಿ ಇದೇ ತಲೆನೋವು. ಪಿಸ್ತೂಲ್‌ಗೆ ಅಂತ ಹತ್ತಿರ ಇಟ್ಟ ಪ್ಲೇಟ್‌ಗೆ ಯಾರೋ ಅವಸರದಲ್ಲಿ ರೈಫಲ್‌ನಿಂದ ಹೊಡೆದ್ರೆ? ಅದಕ್ಕೇ ಯಾವ ಗನ್ ಎಲ್ಲಿ ಕೆಳಗಿಡಬೇಕು, ಯಾವ ಗುರಿಗೆ ಯಾವುದು ಅನ್ನೋದನ್ನ ಸ್ಟೇಜ್ ಬ್ರೀಫಿಂಗ್‌ನಲ್ಲಿ ಬರೆದು, ಎಲ್ಲರಿಗೂ ಓದಿ ಹೇಳ್ತಾರೆ.

ಮೂರನೇದು ‘180 ಡಿಗ್ರಿ’ ನಿಯಮ. ಶೂಟರ್ ನಿಂತ ಜಾಗದಲ್ಲಿ ಎಡದಿಂದ ಬಲಕ್ಕೆ ಒಂದು ಗೆರೆ ಕಲ್ಪಿಸಿಕೊಳ್ಳಿ. ಬಂದೂಕಿನ ನಳಿಕೆ ಆ ಗೆರೆ ದಾಟಿ ಹಿಂದಕ್ಕೆ ತಿರುಗೋ ಹಾಗಿಲ್ಲ. ತಿರುಗಿದ್ರೆ ಆ ಸ್ಟೇಜ್ ಅಷ್ಟೇ ಅಲ್ಲ, ಇಡೀ ಪಂದ್ಯದಿಂದಲೇ ಔಟ್. ಬಲಗೈ ಶೂಟರ್ ಎಡಕ್ಕೆ ಓಡ್ತಾ ಮ್ಯಾಗಜಿನ್ ಬದಲಾಯಿಸಿದ್ರೆ ನಳಿಕೆ ತಾನಾಗೇ ಹಿಂದಕ್ಕೆ ವಾಲುತ್ತೆ. ಎಡಗೈಯವರಿಗೆ ಬಲಕ್ಕೆ ಓಡುವಾಗ ಇದೇ ಕಾಟ. ಇದು ಗೊತ್ತಿರೋ ಡಿಸೈನರ್ ಅಂಥ ಜಾಗದಲ್ಲಿ ಗೋಡೆಯನ್ನೋ ದಾರಿಯನ್ನೋ ಸ್ವಲ್ಪ ಬದಲಾಯಿಸ್ತಾನೆ. ಕಷ್ಟ ಕೊಡಬಹುದು, ಬಲೆ ಹಾಕಬಾರದು.

ಕಷ್ಟ ಅಂದ್ರೆ ಏನು?

ಹೊಸಬರು ಮಾಡೋದು ಹೀಗೆ: ಟಾರ್ಗೆಟ್ ಚಿಕ್ಕದು ಮಾಡ್ತಾರೆ, ದೂರ ಇಡ್ತಾರೆ, ಇನ್ನಷ್ಟು ದೂರ ಇಡ್ತಾರೆ. ಅದು ಬರೀ ಬೇಜಾರು. ಒಳ್ಳೇ ಸ್ಟೇಜ್‌ನಲ್ಲಿ ಒಂದೊಂದು ಗುಂಡು ಹೊಡೆಯೋದು ಸುಲಭ, ತೀರ್ಮಾನ ಮಾಡೋದು ಕಷ್ಟ.

ಉದಾಹರಣೆಗೆ, 15 ಮೀಟರ್ ದೂರದಲ್ಲಿ ಆರು ಪ್ಲೇಟ್ ಇದೆ ಅಂದ್ಕೊಳ್ಳಿ. ಪಿಸ್ತೂಲ್ ಆದ್ರೂ ಸರಿ, ಶಾಟ್‌ಗನ್ ಆದ್ರೂ ಸರಿ, ಆಯ್ಕೆ ನಿಮ್ಮದು. ಶಾಟ್‌ಗನ್‌ನಿಂದ ಚಿಕ್ಕ ಚಿಕ್ಕ ಗುಂಡುಗಳು ಹರಡಿ ಬರುತ್ತೆ, ತಗಲೋ ಸಾಧ್ಯತೆ ಹೆಚ್ಚು. ಆದ್ರೆ ಹೆಚ್ಚಿನ ಶಾಟ್‌ಗನ್‌ಗಳಿಗೆ ಉದ್ದ ಕೊಳವೆಯಂಥ ಮ್ಯಾಗಜಿನ್. ಸೊಂಟದ ಪಟ್ಟಿಯಿಂದ ಎರಡು ಅಥವಾ ನಾಲ್ಕು ತೋಟಾ ಒಟ್ಟಿಗೆ ಹಿಡಿದು, ಹೆಬ್ಬೆರಳಲ್ಲಿ ಒಳಗೆ ತಳ್ಳಬೇಕು. ಅದಕ್ಕೆ ಸೆಕೆಂಡುಗಳು ಹೋಗುತ್ತೆ. ಪಿಸ್ತೂಲ್‌ಗೆ ಈ ತಾಪತ್ರಯ ಇಲ್ಲ, ಆದ್ರೆ ಪ್ರತಿ ಪ್ಲೇಟ್‌ಗೂ ಸರಿಯಾಗಿ ಗುರಿ ಹಿಡೀಬೇಕು. ಈಗ ಯಾವುದು ಬೇಗ? ಶಾಟ್‌ಗನ್ ಚೆನ್ನಾಗಿ ತುಂಬೋರಿಗೆ ಒಂದು ಉತ್ತರ, ಪಿಸ್ತೂಲ್‌ನಲ್ಲಿ ಕೈ ಪಳಗಿದೋರಿಗೆ ಇನ್ನೊಂದು. ಎರಡೂ ಸರಿ ಅನ್ನಿಸೋ ಹಾಗೆ ಇಟ್ಟಿದ್ರೆ ಡಿಸೈನರ್ ಗೆದ್ದ ಅಂತ ಅರ್ಥ.

ಇನ್ನೊಂದು ಉಪಾಯ ಕ್ರಮ. ದೂರದ ರೈಫಲ್ ಗುರಿಯನ್ನ ಮೊದಲೇ ಇಟ್ರೆ ಶೂಟರ್ ತಣ್ಣಗೆ ಹೊಡೀತಾನೆ. ಅದನ್ನೇ ಕೊನೆಗೆ, ಒಂದಿಷ್ಟು ದೂರ ಓಡಿಸಿದ ಮೇಲೆ ಇಟ್ಟು ನೋಡಿ. ಎದೆ ಡವಡವ, ಉಸಿರು ಏರಿಳಿತ, ಸ್ಕೋಪ್‌ನಲ್ಲಿ ಟಾರ್ಗೆಟ್ ಕುಣೀತಿರುತ್ತೆ. ಗುರಿ ಅದೇ, ದೂರ ಅದೇ, ಕಷ್ಟ ಮಾತ್ರ ಡಬಲ್.

ಕೊನೆಗೆ ಡಿಸೈನರ್ ತಾನೇ ಸ್ಟೇಜ್ ಒಳಗೆ ನಡೆದು ನೋಡಬೇಕು. ಎತ್ತರ ಇರೋರಿಗೆ ಗೋಡೆ ಮೇಲಿಂದ ಕಾಣೋ ಟಾರ್ಗೆಟ್, ಕುಳ್ಳಗಿರೋರಿಗೆ ಕಿಟಕಿಯಿಂದಲೂ ಕಾಣಲ್ಲ ಅಂದ್ರೆ ಅದು ಕಷ್ಟ ಅಲ್ಲ, ಅನ್ಯಾಯ. ಅದೇ ಥರ, ಸರಿಯಾಗಿ ಹೊಡೆದ್ರೂ ಒಮ್ಮೆ ಬಿದ್ದು ಒಮ್ಮೆ ನಿಲ್ಲೋ ಪ್ಲೇಟ್ ಇದ್ರೆ ಅಲ್ಲಿ ಗೆಲ್ಲೋದು ಅದೃಷ್ಟ, ಶೂಟರ್ ಅಲ್ಲ.

ಈಗ ಶೂಟರ್ ಕಡೆಯಿಂದ

ಸ್ಟೇಜ್ ಶುರುವಾಗೋಕೆ ಮುಂಚೆ ಎಲ್ಲರಿಗೂ ಬರಿಗೈಯಲ್ಲಿ ಓಡಾಡಿ ನೋಡೋಕೆ ಕೆಲವು ನಿಮಿಷ ಕೊಡ್ತಾರೆ. ದೊಡ್ಡ ದೊಡ್ಡವರೆಲ್ಲ ಗಾಳಿಯಲ್ಲಿ ಬೆರಳು ತೋರಿಸ್ಕೊಂಡು, ತಮ್ಮಷ್ಟಕ್ಕೆ ಎಣಿಸ್ಕೊಂಡು ತಿರುಗ್ತಿರ್ತಾರೆ. ನೋಡೋಕೆ ತಮಾಷೆ, ಆದ್ರೆ ಅರ್ಧ ಪಂದ್ಯ ಗೆಲ್ಲೋದು ಅಲ್ಲೇ. ಎಲ್ಲಿ ನಿಲ್ಲಬೇಕು, ಅಲ್ಲಿಂದ ಎಷ್ಟು ಟಾರ್ಗೆಟ್ ಕಾಣುತ್ತೆ, ಎಲ್ಲಿ ರೀಲೋಡ್, ಎಲ್ಲಿ ಗನ್ ಬದಲು, ಎಲ್ಲವನ್ನೂ ತಲೆಯಲ್ಲಿ ಕೂರಿಸ್ಕೋತಾರೆ. ಸಾಧ್ಯವಾದಷ್ಟೂ ರೀಲೋಡ್ ಮಾಡೋದು ಓಡುವಾಗಲೇ. ಹೇಗೂ ಕಾಲು ಓಡ್ತಿದೆ, ಆ ಹೊತ್ತಲ್ಲಿ ಕೈ ಸುಮ್ನೆ ಯಾಕಿರಬೇಕು?

ಆಮೇಲೆ ರೇಂಜ್ ಆಫೀಸರ್ ಹಿಂದೆ ಬಂದು ನಿಲ್ತಾರೆ. ‘ಮೇಕ್ ರೆಡಿ’ ಅಂದಾಗ ಗುಂಡು ತುಂಬಬೇಕು. ‘ಆರ್ ಯೂ ರೆಡಿ?’, ‘ಸ್ಟ್ಯಾಂಡ್ ಬೈ’, ಬೀಪ್. ಈ ಹೊತ್ತಲ್ಲಿ ಹೊಸ ಐಡಿಯಾ ಹೊಳೆದ್ರೂ ಪ್ಲಾನ್ ಬದಲಾಯಿಸಬಾರದು ಅನ್ನೋದು ಅನುಭವಿಗಳ ಮಾತು. ನಡುದಾರಿಯಲ್ಲಿ ಪ್ಲಾನ್ ಬದಲಾಯಿಸಿದ್ರೆ ಒಂದು ಟಾರ್ಗೆಟ್ ಮರೆತೇ ಹೋಗುತ್ತೆ.

ಎಲ್ಲಕ್ಕಿಂತ ಸೂಕ್ಷ್ಮವಾದ ಕ್ಷಣ ಗನ್ ಬದಲಾಯಿಸೋದು. ರೈಫಲ್ ಮುಗೀತು ಅಂದ್ರೆ ಅದನ್ನ ಇಟ್ಟಿರೋ ಡ್ರಮ್‌ನೊಳಗೆ ನಳಿಕೆ ಕೆಳಗೆ ಮಾಡಿ ಇಡಬೇಕು. ಒಂದೋ ಪೂರ್ತಿ ಖಾಲಿ ಇರಬೇಕು, ಇಲ್ಲಾ ಸೇಫ್ಟಿ ಹಾಕಿರಬೇಕು. ಗುಂಡಿದ್ದು ಸೇಫ್ಟಿ ಹಾಕದೆ ಬಿಟ್ಟು ಮುಂದೆ ಓಡಿದ್ರೆ, ಇಡೀ ದಿನ ಎಷ್ಟೇ ಚೆನ್ನಾಗಿ ಆಡಿರ್ಲಿ, ಪಂದ್ಯ ಮುಗೀತು. ದಂಡ ಕಟ್ಟಿ ಉಳಿಯೋ ತಪ್ಪಲ್ಲ ಅದು. ಸೇಫ್ಟಿ ಹಾಕೋಕೆ ಒಂದು ಸೆಕೆಂಡೂ ಬೇಡ. ಅಷ್ಟು ಚಿಕ್ಕ ಕೆಲಸ ಟೈಮರ್ ಒತ್ತಡದಲ್ಲೂ ನೆನಪಿರುತ್ತಾ ಅನ್ನೋದೇ ಈ ಆಟದ ನಿಜವಾದ ಪರೀಕ್ಷೆ.

ನಮ್ಮಲ್ಲಿ ಆಡಬಹುದಾ?

ಅಮೆರಿಕದಲ್ಲಿ ಆಡೋ ಥರ ಕಷ್ಟ. ಅಲ್ಲಿ ಸಾಮಾನ್ಯವಾಗಿ ಬಳಸೋ ಎಆರ್-15 ಮಾದರಿಯ ರೈಫಲ್ ಇಲ್ಲಿ ಜನಸಾಮಾನ್ಯರ ಕೈಗೆ ಸಿಗೋದಲ್ಲ. 2019ರ ಶಸ್ತ್ರಾಸ್ತ್ರ ಕಾಯ್ದೆ ತಿದ್ದುಪಡಿ ಆದ್ಮೇಲೆ ಸಾಮಾನ್ಯ ಲೈಸೆನ್ಸ್‌ದಾರರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ 3ರಿಂದ 2ಕ್ಕೆ ಇಳಿದಿದೆ. ಕ್ರೀಡಾಪಟುಗಳಿಗೆ ಬೇರೆ ನಿಯಮ ಇದೆ. ಹಾಗಾಗಿ ನಮ್ಮಲ್ಲಿ ಹೆಚ್ಚಿನವರಿಗೆ ಇದು ವಿಡಿಯೋದಲ್ಲಿ ನೋಡೋ ಆಟ.

ಮುಂದಿನ ಸಲ ಯೂಟ್ಯೂಬ್‌ನಲ್ಲಿ ತ್ರೀ ಗನ್ ವಿಡಿಯೋ ಸಿಕ್ರೆ ಟಾರ್ಗೆಟ್ ಮಾತ್ರ ನೋಡಬೇಡಿ. ಗನ್ ಕೆಳಗಿಡೋ ಕೈ ನೋಡಿ, ಓಡುವಾಗ ನಳಿಕೆ ಎತ್ತ ಇದೆ ನೋಡಿ, ಗೋಡೆಗಳನ್ನ ಯಾಕೆ ಹಾಗೆ ನಿಲ್ಲಿಸಿದ್ದಾರೆ ಅಂತ ಯೋಚಿಸಿ. ವೇಗ ಎಲ್ಲರ ಕಣ್ಣಿಗೂ ಬೀಳುತ್ತೆ. ಆ ವೇಗದಲ್ಲೂ ಯಾರಿಗೂ ಏನೂ ಆಗದ ಹಾಗೆ ಕಟ್ಟಿರೋ ಸ್ಟೇಜ್ ಮಾತ್ರ ಹುಡುಕಿ ನೋಡಿದ್ರೇನೇ ಕಾಣೋದು.

ನಿಮ್ಮ ಪ್ರಶ್ನೆ ಇದ್ರೆ ಕಳಿಸಿ.