ರಜೆಯ ಚೀಲಕ್ಕೆ ಹತ್ತು ಪುಸ್ತಕ

ಪರೀಕ್ಷೆ ಮುಗಿದು ಶಾಲೆಗೆ ಬೀಗ ಬಿದ್ದ ಒಂದೆರಡು ವಾರಕ್ಕೆ ಅನೇಕ ಮನೆಗಳಲ್ಲಿ ಒಂದೇ ದೂರು ಕೇಳಿಬರುತ್ತದೆ: ‘ನಮ್ಮ ಹುಡುಗ ಪುಸ್ತಕ ಮುಟ್ಟುವುದೇ ಇಲ್ಲ.’ ದೂರುವ ಹಿರಿಯರು ಸುಮ್ಮನೆ ಕೂತವರೇನಲ್ಲ. ಒಳ್ಳೆಯ ಪುಸ್ತಕವೆಂದು ಯಾರೋ ಹೇಳಿದ್ದನ್ನು ಕೊಂಡು ತಂದು ಮಗನ ಕೈಗಿಟ್ಟಿರುತ್ತಾರೆ. ಅವನು ಎರಡು ಪುಟ ತಿರುವಿ ಪಕ್ಕಕ್ಕಿಟ್ಟು ಮತ್ತೆ ಮೊಬೈಲು ಹಿಡಿಯುತ್ತಾನೆ. ಅಲ್ಲಿಗೆ ತೀರ್ಪು ಹೊರಬೀಳುತ್ತದೆ: ‘ಇವನಿಗೆ ಓದಿನಲ್ಲಿ ಆಸಕ್ತಿಯೇ ಇಲ್ಲ.’

ಈ ತೀರ್ಪು ಅವಸರದ್ದು. ಒಂದು ದಿನ ಪಲ್ಯ ರುಚಿಸಲಿಲ್ಲವೆಂದ ಮಾತ್ರಕ್ಕೆ ಮಗುವಿಗೆ ಹಸಿವೇ ಇಲ್ಲವೆಂದು ಯಾವ ತಾಯಿಯೂ ಹೇಳುವುದಿಲ್ಲ. ಮರುದಿನ ಬೇರೆ ಪಲ್ಯ ಮಾಡಿ ನೋಡುತ್ತಾಳೆ. ಪುಸ್ತಕದ ವಿಷಯದಲ್ಲಿ ಮಾತ್ರ ಈ ತಾಳ್ಮೆ ಕಾಣುವುದು ಅಪರೂಪ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಹೆಸರಾದ ಡಾ. ಎಸ್.ಆರ್. ರಂಗನಾಥನ್ ಈ ವಿಚಾರವನ್ನು 1931ರಲ್ಲೇ ಸೂತ್ರವಾಗಿ ಕಟ್ಟಿಕೊಟ್ಟರು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ತೀರಿಕೊಂಡರು. ಅವರ ಐದು ಸೂತ್ರಗಳ ಪೈಕಿ ಎರಡು ಪೋಷಕರಿಗೆಂದೇ ಬರೆದಂತಿವೆ. ಪ್ರತಿಯೊಬ್ಬ ಓದುಗನಿಗೂ ಅವನಿಗೆ ಒಪ್ಪುವ ಪುಸ್ತಕವಿದೆ, ಪ್ರತಿಯೊಂದು ಪುಸ್ತಕಕ್ಕೂ ಅದಕ್ಕೆ ತಕ್ಕ ಓದುಗನಿದ್ದಾನೆ ಎಂಬುದು ಅವುಗಳ ತಾತ್ಪರ್ಯ. ಹಾಗಾದರೆ ‘ಎಲ್ಲಕ್ಕಿಂತ ಒಳ್ಳೆಯ ಪುಸ್ತಕ’ವೊಂದನ್ನು ಹುಡುಕಿ ಬಳಲುವುದಕ್ಕಿಂತ, ಬಗೆಬಗೆಯ ನಾಲ್ಕಾರು ಪುಸ್ತಕಗಳನ್ನು ಮಕ್ಕಳ ಕೈಗೆಟುಕುವಂತೆ ಇಟ್ಟು, ಯಾವುದು ಹಿಡಿಸುತ್ತದೆಂದು ಕಾದು ನೋಡುವುದೇ ಮೇಲು.

ಆದರೆ ಬಹಳ ಕಾಲ ಕಾಯುವಂತಿಲ್ಲ. ಐದನೆಯ ತರಗತಿಯಿಂದ ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಪಠ್ಯದ ಹೊರೆ ಏರುತ್ತದೆ. ಓದು ಎಂದರೆ ಪರೀಕ್ಷೆ ಎಂಬ ಭಾವನೆ ಗಟ್ಟಿಯಾಗುತ್ತದೆ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಇನ್ನೊಂದು ತೊಡಕು. ಮನೆಯಲ್ಲಿ ಅರಳು ಹುರಿದಂತೆ ಕನ್ನಡ ಮಾತಾಡುವ ಹುಡುಗಿ ಕನ್ನಡದ ಒಂದು ಪುಟ ಓದಬೇಕಾದರೆ ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತಾಳೆ. ಓದು ನಿಧಾನವಾದರೆ ಕತೆಯ ರುಚಿ ಹತ್ತುವುದಿಲ್ಲ. ರುಚಿ ಹತ್ತದಿದ್ದರೆ ಓದು ಸಲೀಸಾಗುವುದಿಲ್ಲ. ಹೀಗೆಯೇ ಬಿಟ್ಟರೆ ಹತ್ತನೆಯ ತರಗತಿಯ ಕನ್ನಡ ಪತ್ರಿಕೆಯೇ ಆ ಮಗು ಓದುವ ಕೊನೆಯ ಕನ್ನಡವಾದೀತು.

ಕೆಳಗಿನ ಹತ್ತು ಪುಸ್ತಕಗಳು ಒಂದರಂತೆ ಒಂದಿಲ್ಲ. ಹತ್ತನ್ನೂ ಒಂದೇ ರಜೆಯಲ್ಲಿ ಮುಗಿಸಬೇಕೆಂದಿಲ್ಲ. ಎರಡು ಮನಸ್ಸಿಗೆ ಹಿಡಿಸಿದರೂ ರಜೆ ಸಾರ್ಥಕವಾಯಿತೆಂದೇ ಲೆಕ್ಕ.

ಕಿರಿಯರಿಗೆ: ಮೊದಲು ಕಿವಿಗೆ

ಓದಲು ಬೇಸರಪಡುವ ಮಗುವೂ ಕತೆ ಕೇಳಲು ಬೇಸರಪಡುವುದಿಲ್ಲ. ವೃತ್ತಿಯಿಂದ ವೈದ್ಯೆಯಾಗಿದ್ದ ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ ಇಲ್ಲಿ ಕೈಹಿಡಿಯುತ್ತದೆ. ಹೆಸರೇ ಹೇಳುವಂತೆ ವರ್ಷದ ದಿನಕ್ಕೊಂದರಂತೆ ಹೆಣೆದ ಕತೆಗಳು, ಒಟ್ಟು 12 ಸಂಪುಟ. ಕತೆಗಳು ಚಿಕ್ಕವು, ಮಲಗುವ ಮುನ್ನ ಓದಿ ಮುಗಿಸಬಹುದು. ಮೊದಲ ವಾರ ಅಮ್ಮನೋ ಅಜ್ಜನೋ ಓದಲಿ. ಎರಡನೆಯ ವಾರ ಕೊನೆಯ ಪುಟವನ್ನು ಮಗುವಿಗೆ ಬಿಡಲಿ. ಕತೆ ಏನಾಯಿತೆಂಬ ಕುತೂಹಲ ಒತ್ತಕ್ಷರಗಳನ್ನು ದಾಟಿಸುತ್ತದೆ.

ಎರಡನೆಯದು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಜರ್ಮನಿಯ ಹ್ಯಾಮೆಲಿನ್ ಊರಿನ ಹಳೆಯ ಐತಿಹ್ಯವನ್ನು ರಾಬರ್ಟ್ ಬ್ರೌನಿಂಗ್ ಇಂಗ್ಲಿಷ್ ಪದ್ಯವಾಗಿಸಿದ್ದ. ಕುವೆಂಪು ಅದನ್ನು ತುಂಗೆಯ ದಡಕ್ಕೆ ತಂದು ನೆಲೆಗೊಳಿಸಿದರು. ಇಲಿಗಳ ಕಾಟವನ್ನು ನೀಗಿಸಿದ ಜೋಗಿಗೆ ಊರಿನ ಹಿರಿಯರು ಕೊಟ್ಟ ಮಾತಿಗೆ ತಪ್ಪುತ್ತಾರೆ. ಅದರ ದಂಡ ತೆರಬೇಕಾದದ್ದು ಊರಿನ ಮಕ್ಕಳ ಮೂಲಕ. ಮಕ್ಕಳಿಗೆ ಇಲಿಗಳ ದಂಡು ಖುಷಿ ಕೊಟ್ಟರೆ, ಓದಿ ಹೇಳುವ ದೊಡ್ಡವರು ಕೊನೆಗೆ ಬರುವಾಗ ಸ್ವಲ್ಪ ಮೌನವಾಗುವುದುಂಟು. ಇದನ್ನು ಗಟ್ಟಿಯಾಗಿಯೇ ಓದಬೇಕು. ಅದರ ಲಯ ಕಣ್ಣಿಗಿಂತ ನಾಲಿಗೆಗೆ ಚೆನ್ನಾಗಿ ಒಗ್ಗುತ್ತದೆ.

ಕಾಡು ಮತ್ತು ಅಡುಗೆಮನೆ

ಕತೆ ಬೇಡ, ‘ನಿಜವಾದದ್ದು’ ಬೇಕು ಎನ್ನುವ ಹುಡುಗರಿರುತ್ತಾರೆ. ಹುಳ, ಹಾವು, ಎಂಜಿನ್ನು, ನಕ್ಷತ್ರ ಎಂದು ಪ್ರಶ್ನೆ ಕೇಳಿ ಸುಸ್ತು ಮಾಡುವವರು. ಇವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕೊಡಬೇಕು. ಮಲೆನಾಡಿನ ಕಾಡಿನಲ್ಲಿ ಹಾರುವ ಓತಿಯೊಂದನ್ನು ಹುಡುಕಿ ಹೊರಟವರ ಕಾದಂಬರಿ ಇದು. ವಿಜ್ಞಾನಿ ಕರ್ವಾಲೊ ಇದ್ದಾರೆ, ಕಿವಿ ಎಂಬ ನಾಯಿ ಇದೆ, ಜೇನು ಕೀಳುವ ಮಂದಣ್ಣ ಇದ್ದಾನೆ. ಊರಿನವರು ಕೆಲಸಕ್ಕೆ ಬಾರದವನೆಂದು ತಿಳಿದಿದ್ದ ಮಂದಣ್ಣನ ಕಣ್ಣು ಕಾಡಿನಲ್ಲಿ ಎಷ್ಟು ಚುರುಕೆಂಬುದು ವಿಜ್ಞಾನಿಗೆ ಮಾತ್ರ ಗೊತ್ತು. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗ ಈ ಪುಸ್ತಕದಲ್ಲಿ ತನ್ನವನೊಬ್ಬನನ್ನು ಕಾಣುತ್ತಾನೆ. ಎಂಟನೆಯ ತರಗತಿಯಿಂದ ಮೇಲಿನವರು ಸಲೀಸಾಗಿ ಓದಬಹುದು.

ಇದೇ ಸಾಲಿಗೆ ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’. ಡಿ.ವಿ.ಜಿ.ಯವರ ಮಗನಾದ ಸ್ವಾಮಿ ಹೆಸರಾಂತ ಸಸ್ಯವಿಜ್ಞಾನಿ. ಅವರ ‘ಹಸುರು ಹೊನ್ನು’ ಕೃತಿಗೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಆಲೂಗೆಡ್ಡೆ, ಟೊಮೇಟೊ, ಕಡಲೆಕಾಯಿ, ಮೆಣಸಿನಕಾಯಿ ಇವೆಲ್ಲ ಅಮೆರಿಕ ಖಂಡಗಳಿಂದ ಹಡಗು ಹತ್ತಿ ಬಂದ ಬೆಳೆಗಳು. 1492ರಲ್ಲಿ ಕೊಲಂಬಸ್ ಆ ಕಡೆ ಕಾಲಿಡುವ ಮುನ್ನ ನಮ್ಮ ಸಾರಿಗೆ ಖಾರ ಕೊಡುತ್ತಿದ್ದುದು ಕಾಳುಮೆಣಸು. ಹೊಸದಾಗಿ ಬಂದ ಕಾಯಿಗೂ ಕನ್ನಡದವರು ಆ ಹಳೆಯ ಮೆಣಸಿನ ಹೆಸರನ್ನೇ ಸೇರಿಸಿ ಕರೆದರು. ಇಂಥ ಸಂಗತಿಯನ್ನು ಪಾಠದ ಗಾಂಭೀರ್ಯವಿಲ್ಲದೆ ನಗುನಗುತ್ತ ಹೇಳುವುದು ಸ್ವಾಮಿಯವರ ಹೆಚ್ಚುಗಾರಿಕೆ. ಓದಿದ ಮಗು ಮರುದಿನ ಊಟದ ತಟ್ಟೆಯನ್ನು ಭೂಪಟದಂತೆ ನೋಡಿದರೆ ಅಚ್ಚರಿಯಿಲ್ಲ.

ಶಾಲೆ ಎಂದರೇನು?

ಅಂಕಗಳ ವಿಚಾರದಲ್ಲಿ ಮನೆಯಲ್ಲಿ ಮಾತಿಗೆ ಮಾತು ಬೆಳೆಯುತ್ತಿದ್ದರೆ, ಹಿರಿಯರು ಕಿರಿಯರು ಒಟ್ಟಿಗೆ ಓದಬೇಕಾದ ಪುಸ್ತಕಗಳು ಎರಡಿವೆ. ಒಂದು, ಟಿ.ಪಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ ನಾಟಕ. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಪುಟ್ಟು ಪರೀಕ್ಷೆಯಲ್ಲಿ ಮುಂದು. ಮಾಧು ಪರೀಕ್ಷೆಯಲ್ಲಿ ಹಿಂದೆ, ಮನೆಯವರ ಕಷ್ಟಕ್ಕೆ ಮುಂದೆ. ತಂದೆಯ ಲೆಕ್ಕದಲ್ಲಿ ಯಾರು ಗಟ್ಟಿ, ಬದುಕಿನ ಲೆಕ್ಕದಲ್ಲಿ ಯಾರು ಟೊಳ್ಳು ಎಂಬುದೇ ನಾಟಕದ ತಿರುಳು. ಕೈಲಾಸಂ 1946ರಲ್ಲಿ ತೀರಿಕೊಂಡರು. ಪ್ರಶ್ನೆ ಮಾತ್ರ ಹಳತಾಗಿಲ್ಲ. ಅವರ ಇಂಗ್ಲಿಷ್ ಬೆರೆತ ಕನ್ನಡ ಇಂದಿನ ಮಕ್ಕಳಿಗೆ ಪರಕೀಯವೆನಿಸದು. ಪಾತ್ರ ಹಂಚಿಕೊಂಡು ಓದಿದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ. ತಂದೆಯ ಪಾತ್ರವನ್ನು ಮಗನಿಗೂ, ಮಾಧುವಿನ ಪಾತ್ರವನ್ನು ತಂದೆಗೂ ಕೊಟ್ಟು ನೋಡಬಹುದು.

ಇನ್ನೊಂದು ಜಪಾನಿನಿಂದ ಬಂದ ‘ತೊತ್ತೊಚಾನ್’. ತೆತ್ಸುಕೊ ಕುರೊಯಾನಾಗಿ ತಮ್ಮ ಬಾಲ್ಯದ ಶಾಲೆಯನ್ನು ನೆನೆದು ಬರೆದ ಈ ಕೃತಿ 1981ರಲ್ಲಿ ಪ್ರಕಟವಾಯಿತು, ಕನ್ನಡಕ್ಕೂ ಬಂದಿದೆ. ತುಂಟಿಯೆಂದು ಒಂದನೆಯ ತರಗತಿಯಲ್ಲೇ ಶಾಲೆಯಿಂದ ಹೊರಬಿದ್ದ ಹುಡುಗಿ, ಹಳೆಯ ರೈಲುಡಬ್ಬಿಗಳಲ್ಲಿ ನಡೆಯುವ ತೊಮೊಯೆ ಶಾಲೆಗೆ ಸೇರುತ್ತಾಳೆ. ಮೊದಲ ದಿನ ಅಲ್ಲಿನ ಮುಖ್ಯೋಪಾಧ್ಯಾಯ ಕೊಬಾಯಾಶಿ ಅವಳ ಮಾತನ್ನು ಗಂಟೆಗಟ್ಟಲೆ ಆಲಿಸುತ್ತಾರೆ. ಎರಡನೆಯ ಮಹಾಯುದ್ಧದ ವಿಮಾನದಾಳಿಯಲ್ಲಿ, 1945ರಲ್ಲಿ, ಆ ಶಾಲೆ ಸುಟ್ಟುಹೋಯಿತು. ಪುಟ್ಟ ಪುಟ್ಟ ಅಧ್ಯಾಯಗಳಿರುವುದರಿಂದ ನಿಧಾನವಾಗಿ ಓದುವ ಮಕ್ಕಳಿಗೂ ಇದು ಭಾರವೆನಿಸುವುದಿಲ್ಲ. ಶಿಕ್ಷಕರೂ ಓದಬೇಕಾದ ಪುಸ್ತಕ.

ನಗುವಿಗೂ ಜಾಗವಿರಲಿ

‘ಜ್ಞಾನ ಬರುವ ಪುಸ್ತಕ’ವನ್ನೇ ಆರಿಸುವ ಭರದಲ್ಲಿ ಹಿರಿಯರು ಮರೆಯುವುದು ನಗೆಯನ್ನು. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ ಹೇಮಾವತಿ ದಂಡೆಯ ಹಳ್ಳಿಯ ಜನ, ದನ, ಜಗಳ, ಜಾತ್ರೆಗಳನ್ನು ತಿಳಿಹಾಸ್ಯದಲ್ಲಿ ಬಿಡಿಸಿಟ್ಟ ಬರಹಗಳು. ಗಾಂಧೀಜಿಯವರ ಆತ್ಮಕಥೆಯನ್ನು ಕನ್ನಡಕ್ಕೆ ತಂದವರೂ ಗೊರೂರರೇ. ನಗರದಲ್ಲಿ ಹುಟ್ಟಿ ಬೆಳೆದ ಮಗುವಿಗೆ ಇದರ ಕೆಲವು ಪದ ತಿಳಿಯಲಿಕ್ಕಿಲ್ಲ. ಆಗ ನಿಘಂಟಿಗಿಂತ ಮನೆಯ ಅಜ್ಜಿಯನ್ನು ಕೇಳುವುದು ಒಳ್ಳೆಯದು. ಪದದ ಅರ್ಥದ ಜೊತೆಗೆ ಇನ್ನೊಂದು ಕತೆಯೂ ಸಿಗುತ್ತದೆ.

ತುಸು ದೊಡ್ಡವರಿಗೆ

ಪ್ರೌಢಶಾಲೆ ಮುಗಿಸಿದವರಿಗೆ ಸಿಹಿ ಕತೆ ಸಾಕೆನಿಸಿರುತ್ತದೆ. ಅವರಿಗೆ ಸಿದ್ಧಲಿಂಗಯ್ಯನವರ ಆತ್ಮಕಥನ ‘ಊರುಕೇರಿ’. ಮಾಗಡಿ ಸೀಮೆಯ ದಲಿತ ಕೇರಿಯ ಬಾಲ್ಯದಿಂದ ಇದು ಆರಂಭವಾಗುತ್ತದೆ. ಎತ್ತಿನ ಜಾಗದಲ್ಲಿ ಮನುಷ್ಯರ ಹೆಗಲಿಗೆ ನೊಗ ಹೂಡಿ ಉಳುವ ದೃಶ್ಯ. ನೊಗ ಹೊತ್ತವರಲ್ಲಿ ಒಬ್ಬರು ನೋಡುತ್ತಿರುವ ಹುಡುಗನ ತಂದೆ. ಇಷ್ಟು ಕಹಿಯನ್ನು ಹೇಳುವ ಲೇಖಕರು ಓದುಗರನ್ನು ಅಲ್ಲಲ್ಲಿ ಬಿದ್ದು ಬಿದ್ದು ನಗುವಂತೆಯೂ ಮಾಡುತ್ತಾರೆ. ಹಾಸ್ಟೆಲಿನಲ್ಲಿದ್ದು ಓದಿ, ಕವಿಯಾಗಿ, ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ ಬೆಳೆದ ಅವರು 2021ರಲ್ಲಿ ಅಗಲಿದರು. ಸಮಾಜ ವಿಜ್ಞಾನದ ಪಾಠದಲ್ಲಿ ಅಸ್ಪೃಶ್ಯತೆಯ ಬಗ್ಗೆ ಐದು ಅಂಕದ ಉತ್ತರ ಬರೆದ ಮಕ್ಕಳು ಈ ಪುಸ್ತಕ ಓದಿ ಕೇಳುವ ಪ್ರಶ್ನೆಗಳಿಗೆ ಪೋಷಕರು ಸಿದ್ಧರಿರಬೇಕು.

ಶಿವರಾಮ ಕಾರಂತರ ‘ಬೆಟ್ಟದ ಜೀವ’ ಇನ್ನೊಂದು ಬಗೆಯದು. ದಾರಿ ತಪ್ಪಿದ ಪ್ರಯಾಣಿಕನೊಬ್ಬ ಕುಕ್ಕೆ ಸುಬ್ರಹ್ಮಣ್ಯದ ಸೀಮೆಯ ಕಾಡಿನಲ್ಲಿ ಗೋಪಾಲಯ್ಯ, ಶಂಕರಮ್ಮ ಎಂಬ ವೃದ್ಧ ದಂಪತಿಗಳ ಅತಿಥಿಯಾಗುತ್ತಾನೆ. ಕಾಡು ಕಡಿದು ತೋಟ ಕಟ್ಟಿದ ಛಲದ ಜೀವಗಳು ಅವು. ಮನೆ ಬಿಟ್ಟು ಹೋದ ಮಗನ ಹಾದಿ ಕಾಯುತ್ತಿವೆ. ಕತೆ ನಿಧಾನವಾಗಿ ಸಾಗುತ್ತದೆ, ಹದಿನೈದರ ಹರೆಯಕ್ಕೆ ಮೊದಲ ಮೂವತ್ತು ಪುಟ ಕಷ್ಟವೆನಿಸಬಹುದು. ಕೆಲಸ, ಓದು ಎಂದು ಮಕ್ಕಳನ್ನು ದೂರದೂರಿಗೆ ಕಳಿಸುವ ಮನೆಗಳಲ್ಲಿ ಮಾತ್ರ ಇದನ್ನು ಮಕ್ಕಳಿಗಿಂತ ಮೊದಲು ಹೆತ್ತವರು ಓದಿ ಮುಗಿಸಿಯಾರು.

ಹತ್ತನೆಯದು ಒಂದು ಪುಸ್ತಕವಲ್ಲ, ಒಂದು ಮಾಲೆ. ನಿರಂಜನರ ಪ್ರಧಾನ ಸಂಪಾದಕತ್ವದಲ್ಲಿ 1980ರ ದಶಕದ ಆರಂಭದಲ್ಲಿ ನವಕರ್ನಾಟಕ ಪ್ರಕಾಶನ ಹೊರತಂದ ‘ವಿಶ್ವಕಥಾಕೋಶ’. ನಾನಾ ದೇಶಗಳ ಸಣ್ಣಕತೆಗಳು 25 ಸಂಪುಟಗಳಲ್ಲಿ ಕನ್ನಡಕ್ಕೆ ಬಂದವು. ಪೂರ್ತಿ ಮಾಲೆ ಬೇಕಿಲ್ಲ. ಮಗುವೇ ಒಂದು ದೇಶವನ್ನು ಆರಿಸಲಿ, ಆ ಸಂಪುಟದ ಯಾವುದಾದರೂ ಒಂದು ಕತೆಯಿಂದ ಶುರುಮಾಡಲಿ. ‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯ ಎರಡೂ ಕೆಲಸ ಒಟ್ಟಿಗೇ ಆಗುತ್ತವೆ.

ಕೊಡುವ ರೀತಿ

ಪುಸ್ತಕದಷ್ಟೇ ಮುಖ್ಯವಾದುದು ಅದನ್ನು ಕೊಡುವ ರೀತಿ. ‘ಓದಿ ಸಾರಾಂಶ ಬರೆ’ ಎಂದರೆ ಅದು ಮತ್ತೊಂದು ಹೋಂವರ್ಕ್ ಆಯಿತು. ‘ಓದಿದ್ದರಿಂದ ಏನು ಕಲಿತೆ?’ ಎಂಬ ಪ್ರಶ್ನೆಯನ್ನೂ ಬಿಡುವುದು ಕ್ಷೇಮ, ‘ಮುಂದೇನಾಯಿತು?’ ಎಂದು ಕೇಳಿದರೆ ಮಗು ತಾನಾಗಿಯೇ ಹೇಳುತ್ತದೆ. ಫ್ರೆಂಚ್ ಲೇಖಕ ಡ್ಯಾನಿಯಲ್ ಪೆನ್ನಾಕ್ 1992ರಲ್ಲಿ ಓದುಗರ ಹಕ್ಕುಗಳೆಂದು ಹತ್ತನ್ನು ಪಟ್ಟಿ ಮಾಡಿದರು. ಪುಟ ಹಾರಿಸುವುದು, ಅರ್ಧಕ್ಕೆ ಬಿಡುವುದು, ಓದಿದ್ದನ್ನೇ ಮತ್ತೆ ಓದುವುದು ಎಲ್ಲವೂ ಅದರಲ್ಲಿವೆ. ದೊಡ್ಡವರು ಈ ಹಕ್ಕುಗಳನ್ನು ತಾವು ಧಾರಾಳವಾಗಿ ಅನುಭವಿಸುತ್ತಾರೆ, ಮಕ್ಕಳಿಗೆ ಕೊಡಲು ಹಿಂಜರಿಯುತ್ತಾರೆ. ಮೂವತ್ತು ಪುಟ ಓದಿಯೂ ಹಿಡಿಸದ ಪುಸ್ತಕವನ್ನು ಬದಿಗಿಡಲು ಬಿಡಬೇಕು. ಎರಡು ವರ್ಷ ಕಳೆದು ಅದೇ ಪುಸ್ತಕ ಇಷ್ಟವಾಗಬಹುದು.

ಎಲ್ಲವನ್ನೂ ಕೊಳ್ಳಬೇಕೆಂದೂ ಇಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಫಲವಾಗಿ ಬೆಳೆದ ಗ್ರಂಥಾಲಯಗಳು ನಗರ, ಪಟ್ಟಣಗಳಲ್ಲಿವೆ. ಗ್ರಾಮ ಪಂಚಾಯಿತಿಗಳಲ್ಲಿ ‘ಅರಿವು ಕೇಂದ್ರ’ಗಳಿವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದ ಹಳ್ಳಿ ಮಕ್ಕಳಿಗೆ ಉಚಿತ ಸದಸ್ಯತ್ವದ ಬಾಗಿಲು ತೆರೆಯಿತು. ನೆರೆಹೊರೆಯ ನಾಲ್ಕು ಮನೆಯವರು ತಲಾ ಎರಡು ಪುಸ್ತಕ ಕೊಂಡು ಬದಲಾಯಿಸಿಕೊಂಡರೆ ರಜೆಗೆ ಎಂಟು ಪುಸ್ತಕ ಸಿಕ್ಕಂತಾಯಿತು. ದೊಡ್ಡವರು ಶಿಫಾರಸು ಮಾಡಿದ ಪುಸ್ತಕಕ್ಕಿಂತ ಪಕ್ಕದ ಮನೆಯ ಗೆಳೆಯ ‘ಚೆನ್ನಾಗಿದೆ ಕಣೋ’ ಎಂದು ಕೊಟ್ಟ ಪುಸ್ತಕವನ್ನು ಮಕ್ಕಳು ಬೇಗ ತೆರೆಯುತ್ತಾರೆ.

ಈ ಹತ್ತರ ಪಟ್ಟಿಯೂ ಒಂದು ಆರಂಭ ಮಾತ್ರ. ರಜೆ ಮುಗಿಯುವಷ್ಟರಲ್ಲಿ ಇದರಲ್ಲಿ ನಾಲ್ಕನ್ನು ಹೊಡೆದುಹಾಕಿ ಬೇರೆ ನಾಲ್ಕನ್ನು ಮಗುವೇ ಬರೆದು ಸೇರಿಸಿದರೆ, ಆ ಮನೆಯಲ್ಲಿ ಓದುಗನೊಬ್ಬ ಹುಟ್ಟಿದನೆಂದು ತಿಳಿಯಬಹುದು. ಆ ಹೊಸ ನಾಲ್ಕು ಪುಸ್ತಕಗಳನ್ನು ಓದುವ ಸರದಿ ಆಗ ಹೆತ್ತವರದು.