ಗ್ಲಾಕೋಮಾ ರೋಗಿಗೆ ಹೇಳತಕ್ಕ ಧೈರ್ಯ: ಒಂದು ಐತಿಹಾಸಿಕ ವಿವೇಚನೆ

ಗ್ಲಾಕೋಮಾ ಇದೆಯೆಂದು ವೈದ್ಯರು ತಿಳಿಸಿದೊಡನೆ ರೋಗಿಗೆ ಮೊದಲು ತೋರುವುದು ಕುರುಡುತನದ ಭಯ. ಇತಿಹಾಸದ ಅಭ್ಯಾಸಿಗಳಾದ ನಾವು ಚಿಕಿತ್ಸೆಯನ್ನು ಹೇಳಲು ಅಧಿಕಾರಿಗಳಲ್ಲ. ಈ ಭಯದ ಮೂಲವನ್ನು ಮಾತ್ರ ವಿಚಾರಿಸಬಹುದು.

ಕಣ್ಣಿನೊಳಗೆ ಸದಾ ಒಸರುವ ದ್ರವವು ಸರಾಗವಾಗಿ ಹೊರಹೋಗದಿದ್ದರೆ ಒಳಒತ್ತಡವು ಏರಿ ದೃಷ್ಟಿನರವು ಕ್ರಮೇಣ ನಶಿಸುತ್ತದೆ. ಕೆಲವರಲ್ಲಿ ಒತ್ತಡವು ಸಾಮಾನ್ಯವಾಗಿದ್ದರೂ ಈ ಹಾನಿಯುಂಟು. 19ನೆಯ ಶತಮಾನದ ಮಧ್ಯದವರೆಗೆ ಇದಕ್ಕೆ ಪರಿಹಾರವಿರಲಿಲ್ಲ. ರೋಗದ ಹೆಸರೇ ಅಂಧತ್ವಕ್ಕೆ ಪರ್ಯಾಯವಾಗಿತ್ತು. ಇಂದಿನ ರೋಗಿಯ ಭಯವು ಆ ಕಾಲದ ಉಳಿಕೆ.

1851ರಲ್ಲಿ ಹೆಲ್ಮ್‌ಹೋಲ್ಟ್ಸನು ರಚಿಸಿದ ನೇತ್ರದರ್ಶಕದಿಂದ ಜೀವಂತ ಕಣ್ಣಿನ ಒಳಭಾಗವನ್ನು ನೋಡುವುದು ಸಾಧ್ಯವಾಯಿತು. 1857ರಲ್ಲಿ ಬರ್ಲಿನ್ನಿನ ಫಾನ್ ಗ್ರೇಫನು ಶಸ್ತ್ರಕ್ರಿಯೆಯಿಂದ ಈ ರೋಗದ ತೀವ್ರರೂಪವನ್ನು ತಡೆಯಬಹುದೆಂದು ತೋರಿಸಿದನು. 1876ರಲ್ಲಿ ಸ್ಟ್ರಾಸ್‌ಬರ್ಗಿನ ಲಾಕ್ವೆರನು ಒತ್ತಡವನ್ನಿಳಿಸುವ ಔಷಧವೊಂದನ್ನು ಬಳಕೆಗೆ ತಂದನು. ಪಶ್ಚಿಮ ಆಫ್ರಿಕೆಯ ಕಾಲಬಾರ್ ಪ್ರಾಂತದಲ್ಲಿ ಅಪರಾಧ ನಿರ್ಣಯದ ದಿವ್ಯಪರೀಕ್ಷೆಗೆ ಉಪಯೋಗಿಸುತ್ತಿದ್ದ ವಿಷದ ಕಾಳಿನಿಂದ ತೆಗೆದ ಔಷಧವದು. ಲಾಕ್ವೆರನು ತಾನೇ ಗ್ಲಾಕೋಮಾ ರೋಗಿಯಾಗಿದ್ದನೆಂಬುದು ಗಮನಾರ್ಹ. 1909ರಲ್ಲಿ ನಮ್ಮ ನೆರೆಯ ಮದರಾಸಿನಲ್ಲಿ ರಾಬರ್ಟ್ ಹೆನ್ರಿ ಎಲಿಯಟ್ಟನು ಕಣ್ಣಿನ ಹೊರಪದರದಲ್ಲಿ ಸಣ್ಣ ರಂಧ್ರವನ್ನು ಕೊರೆದು ದ್ರವಕ್ಕೆ ದಾರಿಮಾಡುವ ಕ್ರಮವನ್ನು ರೂಢಿಗೆ ತಂದನು. 1978ರಲ್ಲಿ ಟಿಮೊಲಾಲ್, 1996ರಲ್ಲಿ ಲಟಾನೊಪ್ರೋಸ್ಟ್ ಎಂಬ ಕಣ್ಣಿನ ಹನಿಗಳು ಅಮೆರಿಕದಲ್ಲಿ ಅಂಗೀಕೃತವಾದುವು.

ಇಷ್ಟರಿಂದ ‘ಏನೂ ಆಗದು’ ಎಂದು ರೋಗಿಗೆ ಹೇಳಬಹುದೆ? ಹೇಳಲಾಗದು. ಸ್ವೀಡನ್ನಿನಲ್ಲಿ 255 ರೋಗಿಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಚಿಕಿತ್ಸೆ ಪಡೆಯದವರಲ್ಲಿ ಶೇಕಡ 62 ಮಂದಿಗೆ ರೋಗವು ಮುಂದುವರಿಯಿತು. ಪಡೆದವರಲ್ಲಿ ಶೇಕಡ 45 ಮಂದಿಗೆ. ಮುಂದುವರಿಯುವುದೆಂದರೆ ಕುರುಡಾಗುವುದೆಂದಲ್ಲ, ಚಿಕಿತ್ಸೆಯಲ್ಲಿರುವವರ ಪೈಕಿ ಹೆಚ್ಚಿನವರು ಜೀವಮಾನವಿಡೀ ಬಳಕೆಗೆ ಬರುವ ದೃಷ್ಟಿಯನ್ನು ಉಳಿಸಿಕೊಳ್ಳುತ್ತಾರೆ. ಆದರೆ ಕಳೆದ ದೃಷ್ಟಿಯು ಮರಳದು.

ಪೊಳ್ಳು ಸಮಾಧಾನದಿಂದ ಬೇರೊಂದು ಅಪಾಯವೂ ಉಂಟು. ಈ ರೋಗದ ಸಾಮಾನ್ಯರೂಪದಲ್ಲಿ ನೋವಿಲ್ಲ. ಹನಿ ಹಾಕಿದರೂ ದೃಷ್ಟಿ ಸುಧಾರಿಸಿದಂತೆ ತೋರದು. ‘ಏನೂ ಆಗದು’ ಎಂಬ ಮಾತನ್ನು ನಂಬಿದವನು ಹನಿಯನ್ನು ಬಿಡುತ್ತಾನೆ. ‘ಎಲ್ಲವೂ ಮುಗಿಯಿತು’ ಎಂದು ಹೆದರಿದವನೂ ಬಿಡುತ್ತಾನೆ. ಆದುದರಿಂದ ರೋಗಿಗೆ ಹೇಳತಕ್ಕ ಧೈರ್ಯವು ಇಷ್ಟೆ: ಉಳಿದ ದೃಷ್ಟಿಯನ್ನು ಕಾಯುವ ಸಾಧನಗಳು ಇಂದು ಇವೆ, ದಿನವೂ ತಪ್ಪದೆ ಹನಿ ಹಾಕುವುದು, ಕಾಲಕಾಲಕ್ಕೆ ಪರೀಕ್ಷೆಗೆ ಹೋಗುವುದು, ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷೆ ಮಾಡಿಸುವುದು ಅವನ ಕೈಯಲ್ಲಿದೆ. 1857ಕ್ಕೆ ಹಿಂದಿನ ರೋಗಿಗೆ ಈ ಮಾತನ್ನು ಹೇಳುವಂತಿರಲಿಲ್ಲ.